ಮೂವತ್ತೊಂದನೇ ನಿಮಿಷದ ಗುಡ್ಡ

ಅವಳಿಗೆ ಎಣ್ಣೆ ಮೇಡಂ ಎಂದು ಹೆಸರಿಟ್ಟವನು ಗ್ಯಾಸಣ್ಣ. ಅವನಿಗೆ ಗ್ಯಾಸಣ್ಣ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅವಳು ಆ ಪ್ರಯೋಗಾಲಯಕ್ಕೆ ಕಾಲಿಡುವ ಮೊದಲೇ ಅದು ಅವನಿಗೆ ಅಂಟಿಕೊಂಡಿತ್ತು. ಯಂತ್ರದ ಕೋಣೆಯ ಸಿಲಿಂಡರುಗಳನ್ನು ಬದಲಿಸುವುದು, ಯಂತ್ರ ಮುನಿಸಿಕೊಂಡರೆ ಅದರ ಮುನಿಸು ಇಳಿಸುವುದು ಅವನ ಕೆಲಸ. ಔಷಧದ ಬೇರುಗಳ ಒಳಗಿನ ಕೊಬ್ಬನ್ನು ಹೊರಗೆಳೆದು, ಅದರಲ್ಲಿ ಯಾವ ಯಾವ ಆಮ್ಲ ಎಷ್ಟೆಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಬೇರಿನಲ್ಲಿ ಕೊಬ್ಬು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ, ಕೇಳಿ ನಗುತ್ತಾರೆ. ನೂರು ಗ್ರಾಂ ಒಣಬೇರಿಗೆ ಎರಡು ಗ್ರಾಂ ಸಿಕ್ಕಿದರೆ ಅದೇ ದೊಡ್ಡ ಮಾತು. ಆ ಎರಡು ಗ್ರಾಮಿನ ಬೆನ್ನು ಹತ್ತಿ ಅವಳು ಆರು ವರ್ಷ ಕಳೆದಿದ್ದಳು.

ಬೇರಿನ ಹೆಸರು ಹಾಲುಬೇರು. ಕುಯ್ದರೆ ಬೆಳ್ಳಗೆ ಹಾಲು ಒಸರುತ್ತದೆ, ಅದಕ್ಕೇ ಆ ಹೆಸರು. ಒಣಗಿದ ಮೇಲೆ ಕೀಲುನೋವಿಗೆ, ಊತಕ್ಕೆ ತೇಯ್ದು ಹಚ್ಚುತ್ತಾರೆ. ಅಂಗಡಿಗಳಲ್ಲಿ ಹಾಲುಬೇರು ಎಂದು ಕಟ್ಟಿಕೊಡುವುದರಲ್ಲಿ ಮುಕ್ಕಾಲು ಪಾಲು ಇನ್ಯಾವುದೋ ಗಿಡದ ಬುಡ. ಅದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸತ್ಯ, ಯಾಕೆಂದರೆ ಅವಳಪ್ಪ ಬೇರು ಅಗೆಯುವವನು. ಮೂಲಿಕೆ ಅಂಗಡಿಯವರೆಲ್ಲ ಅವನನ್ನು ಬೇರಪ್ಪ ಎಂದೇ ಕರೆಯುತ್ತಿದ್ದರು. ಎಲೆ ಉದುರಿದ ಗಿಡವನ್ನೂ ಬರೀ ಕಡ್ಡಿ ನೋಡಿ ಗುರುತಿಸುವುದರಲ್ಲಿ ಅವನದು ಎತ್ತಿದ ಕೈ. ಹಾಗಾಗಿ ಅವಳು ಅಂಗಡಿಯ ಬೇರನ್ನು ಒಂದು ದಿನವೂ ಮುಟ್ಟಲಿಲ್ಲ. ಆರು ವರ್ಷದ ನೂರಾ ಹನ್ನೆರಡು ಸ್ಯಾಂಪಲ್ಲುಗಳೂ ಅಪ್ಪ ಅಗೆದು, ಅಪ್ಪ ಸಿಪ್ಪೆ ಹೆರೆದು, ಅಪ್ಪ ನೆರಳಲ್ಲಿ ಒಣಗಿಸಿ ಕಳಿಸಿದವು.

"ಸ್ಯಾಂಪಲ್ ಬಗ್ಗೆ ಗ್ಯಾರಂಟಿ ಇದೆಯೇನಮ್ಮಾ?" ಎಂದು ಅವಳ ಗೈಡ್ ಮೊದಲ ದಿನವೇ ಕೇಳಿದ್ದರು.

"ನಮ್ಮಪ್ಪ ಅಗೆದಿದ್ದು ಸರ್," ಎಂದಿದ್ದಳು ಅವಳು. ಅದಕ್ಕಿಂತ ದೊಡ್ಡ ಗ್ಯಾರಂಟಿ ಅವಳಿಗೆ ಗೊತ್ತಿರಲಿಲ್ಲ. ಗೈಡ್ ಕೂಡ ತಲೆಯಾಡಿಸಿ ಸುಮ್ಮನಾಗಿದ್ದರು.

ಮೊದಲ ವರ್ಷವೇ ಆ ಗುಡ್ಡ ಕಾಣಿಸಿತು. ಬೇರನ್ನು ಪುಡಿ ಮಾಡಿ, ದ್ರಾವಕದಲ್ಲಿ ಕುದಿಸಿ ಕೊಬ್ಬು ತೆಗೆದು, ಅದನ್ನು ಆವಿಯಾಗುವಂಥ ರೂಪಕ್ಕೆ ತಂದು ಯಂತ್ರದೊಳಗೆ ಒಂದು ಹನಿ ಚುಚ್ಚಿದರೆ, ಒಂದೊಂದು ಆಮ್ಲ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಬಂದಾಗ ಪರದೆಯ ಮೇಲಿನ ಗೆರೆ ಮೇಲೆದ್ದು ಇಳಿಯುತ್ತದೆ. ಎಲ್ಲ ಬೇರುಗಳಲ್ಲೂ ಇರುವ ನಾಲ್ಕೈದು ಆಮ್ಲಗಳು ಇಪ್ಪತ್ತೈದು ನಿಮಿಷದೊಳಗೆ ಬಂದು ಹೋಗುತ್ತವೆ. ಹಾಲುಬೇರಿನಲ್ಲಿ ಮಾತ್ರ ಎಲ್ಲ ಮುಗಿದ ಮೇಲೆ, ಮೂವತ್ತೊಂದನೇ ನಿಮಿಷಕ್ಕೆ, ಗೆರೆ ಮತ್ತೆ ಗುಡ್ಡದಂತೆ ಮೇಲೆದ್ದಿತು. ಹರಳುಬೀಜದ ಎಣ್ಣೆಯಲ್ಲಿ ಹೇರಳವಾಗಿರುವ, ಬೇರೆ ಕಡೆ ಸಿಗುವುದೇ ಅಪರೂಪವಾದ ಆಮ್ಲ ಅದು. ಈ ಜಾತಿಯ ಬೇರಿನಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಬಾವು ಇಳಿಸುವ ಗುಣವೂ ಅದಕ್ಕಿದೆ. ಅಂದರೆ ಇಷ್ಟು ಕಾಲ ಜನ ಈ ಬೇರನ್ನು ಕೀಲಿಗೆ ಹಚ್ಚುತ್ತಿದ್ದದ್ದು ಸುಮ್ಮನೆ ಅಲ್ಲ.

ಅವಳೇನು ಕಣ್ಣು ಮುಚ್ಚಿಕೊಂಡು ಕುಣಿಯಲಿಲ್ಲ. ಆ ಮಾತು ಅವಳ ಬಗ್ಗೆ ಯಾರೂ ಹೇಳಬಾರದು. ಗಾಜಿನ ಸಾಮಾನೆಲ್ಲ ಬದಲಿಸಿದಳು. ದ್ರಾವಕದ ಹೊಸ ಬಾಟಲಿ ಒಡೆದಳು. ಬೇರಿಲ್ಲದೆ ಬರೀ ದ್ರಾವಕವನ್ನೇ ಹಾಕಿ ನೋಡಿದಳು, ಗೆರೆ ನೆಟ್ಟಗೆ ಮಲಗಿತ್ತು. ಇಡೀ ಕಟ್ಟಡದಲ್ಲಿ ಹರಳೆಣ್ಣೆ ಎಲ್ಲಾದರೂ ಇದೆಯಾ ಎಂದು ಒಂದು ವಾರ ಎಲ್ಲರ ತಲೆ ತಿಂದಳು. ಗ್ಯಾಸಣ್ಣ ತನ್ನ ಜೇಬುಗಳನ್ನು ಒಳಮಗ್ಗುಲು ಹೊರಗೆಳೆದು ತೋರಿಸಿ, "ನನ್ನ ತಲೆಗೂ ಎಣ್ಣೆ ಇಲ್ಲ ಮೇಡಂ, ಬೇಕಾದ್ರೆ ಮೂಸಿ ನೋಡಿ," ಎಂದಿದ್ದ. ಪ್ರಯೋಗಾಲಯದಲ್ಲಿ ತಪ್ಪು ಇರಲಿಲ್ಲ. ಅದನ್ನು ಖಾತ್ರಿ ಮಾಡಿಕೊಂಡೇ ಅವಳು ಮುಂದುವರಿದಳು.

ಆಮೇಲೆ ಪ್ರಬಂಧ ಅಚ್ಚಾಯಿತು, ಗೈಡ್ ಹೆಸರಿನ ಜೊತೆ ಅವಳ ಹೆಸರು. ಥೀಸಿಸ್ಸಿನ ನಾಲ್ಕನೇ ಅಧ್ಯಾಯವಂತೂ ಅವಳಿಗೆ ಜೀವ. ಬೇಸಗೆಯ ಬೇರಿನಲ್ಲಿ ಆ ಆಮ್ಲ ನೂರಕ್ಕೆ ನಾಲ್ಕು ಪಾಲು, ಮಳೆಗಾಲದಲ್ಲಿ ಹನ್ನೊಂದು. ಆರು ವರ್ಷವೂ ಇದೇ ಏರಿಳಿತ, ಒಂದು ವರ್ಷವೂ ತಪ್ಪಿಲ್ಲ. ಗಿಡ ನೀರು ಕುಡಿದಂತೆಲ್ಲ ಈ ಆಮ್ಲ ಕಟ್ಟುತ್ತದೆ ಎಂದು ಅವಳು ಎಪ್ಪತ್ತು ಪುಟ ಬರೆದಳು. ಓದಿದವರೆಲ್ಲ ಇದು ಚೆನ್ನಾಗಿದೆ ಎಂದರು.

ಅಪ್ಪನಿಗೆ ಯಂತ್ರದ ಗೆರೆ ಅಚ್ಚಾದ ಒಂದು ಹಾಳೆ ತೋರಿಸಿ ಹೇಳಿಕೊಟ್ಟಿದ್ದಳು. "ನೋಡಪ್ಪ, ಈ ಗುಡ್ಡ ನಿನ್ನ ಬೇರಲ್ಲಿ ಬಿಟ್ಟು ಇನ್ಯಾವ ಬೇರಲ್ಲೂ ಬರಲ್ಲ." ಅವನು ಆ ಹಾಳೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ತಿರುಗಿದ. ಅಕ್ಷರ ಬಾರದ ಮನುಷ್ಯ, ಹಾಳೆಯನ್ನು ತಲೆಕೆಳಗಾಗಿ ಹಿಡಿದು ತೋರಿಸಿದ್ದನಂತೆ. ಆಗ ಗುಡ್ಡ ಹೊಂಡವಾಗಿ ಕಂಡಿರಬೇಕು. ಯಾರೂ ಅವನನ್ನು ತಿದ್ದಲಿಲ್ಲ.

ಅವಳ ವಯಸ್ಸು ಮೂವತ್ತೇಳು. ಅಮ್ಮ ಹೋದ ಮೇಲೆ ಅಪ್ಪ ಮಗಳು ಇಬ್ಬರೇ. ಮದುವೆ, ಬೇರೆ ಕೆಲಸ, ಎಲ್ಲವನ್ನೂ ಥೀಸಿಸ್ ಮುಗಿಯಲಿ ಎಂದು ಆಚೆಗೆ ತಳ್ಳುತ್ತಾ ಬಂದಿದ್ದಳು. ನೋಂದಣಿಯ ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಾಗಿತ್ತು, ಮೂರನೇ ಸಲ ಕೊಡುವುದಿಲ್ಲ. ಈ ತಿಂಗಳ ಕೊನೆಯೊಳಗೆ ಒಪ್ಪಿಗೆ ಸಿಗದಿದ್ದರೆ ಆರು ವರ್ಷ ಮಣ್ಣುಪಾಲು. ಆ ಹೊತ್ತಿಗೆ ಸರಿಯಾಗಿ ಪರೀಕ್ಷಕರ ಪತ್ರ ಬಂತು. ಬೇರೊಂದು ಕಡೆಯ ಪ್ರಯೋಗಾಲಯದವರು ಹಾಲುಬೇರನ್ನು ಪರೀಕ್ಷಿಸಿದ್ದಾರೆ, ಈ ಆಮ್ಲ ಅವರಿಗೆ ಲವಲೇಶವೂ ಸಿಕ್ಕಿಲ್ಲ, ದಯವಿಟ್ಟು ಹೊಸ ಬೇರಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸಿ ಎಂದಿತ್ತು.

"ಅಂಗಡಿಯಿಂದ ಕಸ ತಂದು ಕುದಿಸಿದ್ರೆ ಏನು ಸಿಗುತ್ತೆ ಇವರಿಗೆ?" ಎಂದು ಅವಳು ಮೂಗು ಮುರಿದಳು. ಹೊಸ ಬೇರು ತರುವುದೇನು ಮಹಾ, ಅಪ್ಪ ಇದ್ದಾನಲ್ಲ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದಳು.

ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಯಾವುದೋ ಅಂಗಡಿಯವರು ಕೇಳಿದ್ದ ಇನ್ನೊಂದು ಜಾತಿಯ ಬೇರಿನ ಸಿಪ್ಪೆ ಹೆರೆಯುತ್ತಿದ್ದ. ಅದರಿಂದಲೂ ಹಾಲು ಒಸರುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಪರೀಕ್ಷಕರನ್ನು ಬಯ್ಯುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಮಾತಿನ ಮಧ್ಯೆ ಅವನು ಎಡಗೈಯ ಎರಡು ಬೆರಳನ್ನು ಪಕ್ಕದ ಬಟ್ಟಲಲ್ಲಿ ಅದ್ದಿ, ಅಂಗೈ ಅಂಗೈ ಉಜ್ಜಿಕೊಂಡು, ಮತ್ತೆ ಬೇರು ಹಿಡಿದ. ಚಿಕ್ಕಂದಿನಿಂದ ಸಾವಿರ ಸಲ ಕಂಡದ್ದು ಅದು. ಅಪ್ಪ ಎಂದರೆ ಆ ವಾಸನೆ. ಆ ಬಟ್ಟಲು ಅವಳ ಕಣ್ಣಿಗೆ ಬಿದ್ದದ್ದು ಮಾತ್ರ ಅವತ್ತೇ ಮೊದಲು.

"ಅಪ್ಪ, ಅದೇನು?"

"ಯಾವುದು?"

"ಕೈಗೆ ಹಚ್ಕೊಂಡ್ಯಲ್ಲ."

"ಹರಳೆಣ್ಣೆ ಕಣೇ. ಇಲ್ದಿದ್ರೆ ಹಾಲು ತಾಗಿ ಕೈಯೆಲ್ಲ ಬೊಬ್ಬೆ ಬರುತ್ತಲ್ಲ. ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು.

"ನನಗೆ ಕಳಿಸೋ ಬೇರಿಗೂ ಹಚ್ಕೋತಿದ್ಯಾ?"

"ನಿನ್ನ ಬೇರಿಗೇ ಜಾಸ್ತಿ. ಹಾಲುಬೇರಿನ ಹಾಲು ಬಲು ಕೆಟ್ಟದ್ದು. ಹೆರೆದಾದ್ಮೇಲೆ ಒಂದ್ಸಲ ಮೇಲೆಲ್ಲ ಸವರಿ ಇಡ್ತಿದ್ದೆ. ಹುಳ ಬೀಳಬಾರದು ನೋಡು, ನೀನು ಓದೋ ಬೇರು."

"ಮಳೆಗಾಲದಲ್ಲಿ?"

"ಆಗ ಹಾಲು ಇನ್ನೂ ಹೆಚ್ಚು. ಎಣ್ಣೆನೂ ಹೆಚ್ಚೇ ಬೇಕು," ಎಂದ ಅಪ್ಪ, ಯಾವ ಕಲ್ಮಶವೂ ಇಲ್ಲದೆ.

ನಾಲ್ಕನೇ ಅಧ್ಯಾಯ ಅಲ್ಲಿಗೆ ಮುಗಿಯಿತು. ಗಿಡ ನೀರು ಕುಡಿದು ಆಮ್ಲ ಕಟ್ಟಿರಲಿಲ್ಲ. ಅಪ್ಪ ಬಟ್ಟಲಿಗೆ ಎಷ್ಟು ಸಲ ಬೆರಳು ಅದ್ದಿದ್ದ ಎಂಬುದನ್ನು ಅವಳು ಆರು ವರ್ಷ ಅಷ್ಟು ದೊಡ್ಡ ಯಂತ್ರವಿಟ್ಟು ಅಳೆದಿದ್ದಳು. ಬೇರನ್ನು ಬರೀ ನೀರಲ್ಲಿ ತೊಳೆಯುತ್ತಿದ್ದಳು, ಎಣ್ಣೆ ನೀರಿಗೆ ಬಿಡುತ್ತದೆಯೇ? ಸಿಪ್ಪೆ ತೆಗೆದ ಹಸಿಬೇರು ಅದನ್ನು ಒಳಗೆಲ್ಲ ಹೀರಿಕೊಂಡು ಒಣಗಿತ್ತು. ಇನ್ನು ಯಾವ ದ್ರಾವಕ ಹಾಕಿದರೂ ಇದು ಬೇರಿನದು, ಇದು ಅಪ್ಪನ ಕೈಯದು ಎಂದು ಬೇರ್ಪಡಿಸುವ ಹಾಗಿರಲಿಲ್ಲ. ಅಂಗಡಿಯ ಕಸವನ್ನಾದರೂ ಒಂದೇ ಒಂದು ಸಲ ಪರೀಕ್ಷಿಸಿದ್ದರೆ ಅನುಮಾನವಾದರೂ ಹುಟ್ಟುತ್ತಿತ್ತು. ಅವಳು ಅಪ್ಪನ ಬೇರನ್ನು ಬಿಟ್ಟು ಬೇರೆಯದನ್ನು ಮುಟ್ಟಿರಲಿಲ್ಲ. ಅದೇ ಅವಳ ಹೆಮ್ಮೆಯಾಗಿತ್ತು, ಹಾಳಾಗಲಿ.

ಹೇಳದೆ ವಿಧಿಯಿರಲಿಲ್ಲ. ಹೇಳಿದಳು. ಅಪ್ಪ ಕತ್ತಿ ಕೆಳಗಿಟ್ಟು ಕೇಳಿಸಿಕೊಂಡ.

"ಹಂಗಾದ್ರೆ ಗುಡ್ಡ ಬೇರಿಂದಲ್ವಾ?"

"ಗೊತ್ತಿಲ್ಲಪ್ಪ. ಸ್ವಲ್ಪ ಬೇರಲ್ಲೂ ಇರಬಹುದು. ಎಣ್ಣೆ ಮುಟ್ಟದ ಬೇರು ಒಂದು ಸಿಕ್ಕಿದ್ರೆ ಗೊತ್ತಾಗುತ್ತೆ."

"ಹಾಲುಬೇರು ಎಲ್ಲಿದೆ ಈಗ? ಎಲ್ಲ ನಿಂಗೇ ತಂದಾಯ್ತಲ್ಲ," ಎಂದ ಅವನು. ಬೇರು ಹೆಬ್ಬೆರಳು ಗಾತ್ರಕ್ಕೆ ಬರಬೇಕಾದರೆ ಎಂಟು ವರ್ಷ ಬೇಕು. ಬೇರು ತೆಗೆದರೆ ಗಿಡ ಸತ್ತಂತೆಯೇ. ಆರು ವರ್ಷದಲ್ಲಿ ಅವನು ತನಗೆ ಗೊತ್ತಿದ್ದ ಇಳಿಜಾರುಗಳನ್ನೆಲ್ಲ ಮಗಳ ಓದಿಗೆ ಬರಿದು ಮಾಡಿದ್ದ. ಅಷ್ಟು ಹೇಳಿ ಅವನು ಎಣ್ಣೆ ಬಟ್ಟಲನ್ನು ಎತ್ತಿ ಕಲ್ಲಿನ ಹಿಂದೆ, ಅವಳಿಗೆ ಕಾಣದ ಹಾಗೆ ಇಟ್ಟ.

ಪ್ರಯೋಗಾಲಯಕ್ಕೆ ವಾಪಸಾಗಿ ಹೇಳಿದರೆ ಗೈಡ್ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಕೇಳಿದ್ದೆ ನಿಮ್ಮನ್ನ, ಗ್ಯಾರಂಟಿ ಇದೆಯಾ ಅಂತ."

"ಹೌದು ಸರ್."

"ಹತ್ತು ಪ್ರಶ್ನೆ ಕೇಳಬೇಕಿತ್ತು, ಒಂದೇ ಕೇಳಿ ಸುಮ್ಮನಾದೆ. ನಂದೂ ತಪ್ಪಿದೆ." ಅವರ ದನಿಯಲ್ಲಿ ಸುಸ್ತು ಬಿಟ್ಟರೆ ಬೇರೇನೂ ಇರಲಿಲ್ಲ. "ಒಂದೇ ಒಂದು ಶುದ್ಧವಾದ ಬೇರು ತನ್ನಿ. ಅದರಲ್ಲಿ ಅರ್ಧ ಪರ್ಸೆಂಟ್ ಬಂದ್ರೂ ಸಾಕು, ಲೆಕ್ಕ ತಿದ್ದಿ ಬರೆಯೋಣ, ಹೇಗೋ ಬಚಾವ್. ಏನೂ ಬರಲಿಲ್ಲ ಅಂದ್ರೆ ಪೇಪರ್ ವಾಪಸ್ ತಗೋಬೇಕು. ಥೀಸಿಸ್ ಮಾತು ಬಿಟ್ಟುಬಿಡಿ."

ಅವಳು ಕಾರಿಡಾರಿನಲ್ಲಿ ನಿಂತೇ ಅಪ್ಪನಿಗೆ ಫೋನು ಮಾಡಿದಳು. ಎಲ್ಲ ಕೇಳಿ ಅವನು, "ಒಂದಿದೆ," ಎಂದ. ಬಂಡೆಯ ಸಂದಿಯಲ್ಲಿ, ಅವನ ಅಪ್ಪ ತೋರಿಸಿಕೊಟ್ಟಿದ್ದ ಗಿಡ. ಬೇರು ಅಗೆಯುವವರು ಒಂದು ಜಾತಿಯಲ್ಲಿ ಒಂದನ್ನು ತಾಯಿಗಿಡ ಎಂದು ಬಿಡುತ್ತಾರೆ, ಎಂಥ ಕಷ್ಟ ಬಂದರೂ ಅದರ ಬುಡಕ್ಕೆ ಗುದ್ದಲಿ ಇಕ್ಕುವುದಿಲ್ಲ. ಅದರ ಬೀಜ ಉದುರಿದರೆ ತಾನೇ ಇಳಿಜಾರು ಮತ್ತೆ ತುಂಬುವುದು.

"ಅಪ್ಪ, ಬುಡ ಮುಟ್ಟಬೇಡ. ಪಕ್ಕದ ಬೇರು, ಒಂದು ಬೆರಳುದ್ದ ಸಾಕು. ನನಗೆ ಬೇಕಾಗಿರೋದು ಐದೇ ಗ್ರಾಂ. ಎಣ್ಣೆ ಮಾತ್ರ ಹತ್ತಿರಕ್ಕೂ ತರಬೇಡ. ನಾನು ಗ್ಲೌಸ್ ಕಳಿಸ್ತೀನಿ, ಹಾಕ್ಕೋ."

"ಹೂಂ," ಎಂದ ಅಪ್ಪ. "ಬೆರಳುದ್ದ ಅಂದ್ಯಾ?"

"ಬೆರಳುದ್ದ."

ಐದನೇ ದಿನ ಮಧ್ಯಾಹ್ನ ಕಾವಲುಗಾರ ಬಂದು, ಯಾರೋ ಮೂಟೆ ಹೊತ್ತ ಮುದುಕ ನಿಮ್ಮ ಹೆಸರು ಹೇಳ್ತಿದ್ದಾನೆ ಎಂದ. ಅಪ್ಪ ಗೇಟಿನ ಹತ್ತಿರ ನಿಂತಿದ್ದ. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದ, ಬಟ್ಟೆ ಅಲ್ಲಲ್ಲಿ ಒದ್ದೆಯಾಗಿತ್ತು. ಅವಳು ಮೂಟೆಯ ಬಾಯಿ ಬಿಚ್ಚಿದಳು. ತೊಡೆಗಾತ್ರದ ಬೇರು. ಮೇಲಿನ ಕಾಂಡ ಕತ್ತರಿಸಿ, ಬುಡದಿಂದ ತುದಿಯವರೆಗೆ ಸಿಪ್ಪೆ ಹೆರೆದು, ತುಂಡು ತುಂಡು ಮಾಡಿ ತಂದಿದ್ದ. ಮತ್ತೆ ನೆಡುವ ಮಾತೇ ಇರಲಿಲ್ಲ.

"ಬೆರಳುದ್ದ ಅಂದಿದ್ನಲ್ಲಪ್ಪ," ಎಂದಳು.

"ಬೆರಳುದ್ದ ತಂದು, ಅದರಲ್ಲಿ ಕಾಣದೇ ಹೋದ್ರೆ? ಆಮೇಲೆ ಒಳಗಡೆ ಇತ್ತೇನೋ, ತುದಿಯಲ್ಲಿ ಇತ್ತೇನೋ ಅಂತ ಕೊರಗೋದು ಬೇಡ ಅಂತ." ಅಪ್ಪ ಅವಳ ಮುಖ ನೋಡಲಿಲ್ಲ. "ನನ್ನಿಂದ ಆಗಿದ್ದು. ಈ ಸಲನಾದ್ರೂ ಕಡಿಮೆ ಮಾಡಬಾರದು ಅನ್ನಿಸ್ತು."

"ಹೂ ಬಿಟ್ಟಿತ್ತಾ? ಬೀಜ?"

"ಇನ್ನೂ ಎರಡು ತಿಂಗಳಿತ್ತು."

"ಗ್ಲೌಸ್?"

"ಅದು ಹಾಕ್ಕೊಂಡ್ರೆ ಬೇರು ಎಲ್ಲಿದೆ ಅಂತ ಕೈಗೆ ತಿಳಿಯಲ್ಲ ಪುಟ್ಟಿ," ಎಂದ.

ಬಯ್ಯಬೇಕು ಎಂದುಕೊಂಡಳು. ಬದಲಿಗೆ ತನ್ನ ಕೋಣೆಗೆ ಕರೆದುಕೊಂಡು ಹೋಗಿ ಬಟ್ಟೆ ಬಿಚ್ಚಿದಳು. ಅಂಗೈ ಪೂರ್ತಿ ಬೊಬ್ಬೆಯೆದ್ದು, ಒಡೆದು, ಬೆರಳ ಸಂದಿಗಳಲ್ಲಿ ಕೀವು ಕಟ್ಟಿತ್ತು. ಡಾಕ್ಟರು ಮುಲಾಮು ಕೊಟ್ಟು, ಇದೇನು ಆಸಿಡ್ಡಿಗೆ ಕೈ ಹಾಕಿದ್ರಾ ಎಂದು ಕೇಳಿದರು. ಮೂರು ದಿನ ಅವಳೇ ಅವನಿಗೆ ತುತ್ತು ಕಲಸಿ ತಿನ್ನಿಸಿದಳು. ಅವನು ಚಿಕ್ಕ ಮಕ್ಕಳ ಹಾಗೆ ಬಾಯಿ ತೆರೆಯುತ್ತಿದ್ದ, ನಾಚಿಕೆಗೆ ಕಣ್ಣು ಮಾತ್ರ ಗೋಡೆಯ ಕಡೆ.

ಆ ಮೂರು ದಿನ ಬೇರು ಪ್ರಯೋಗಾಲಯದ ಓವನ್ನಿನಲ್ಲಿ ಹದವಾದ ಬಿಸಿಗೆ ಒಣಗಿತು. ಅವಳು ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಕೈ ನಾಲ್ಕು ಸಲ ತೊಳೆದು, ಅಪ್ಪನ ಬಟ್ಟೆ ತಾಗಿದ ತನ್ನ ಕೋಟನ್ನೂ ಬದಲಿಸಿ ಪುಡಿ ಮಾಡಿದಳು. ಆಸೆ ಎಂಥ ಕೆಟ್ಟದ್ದು ನೋಡಿ. ಪುಡಿ ತೂಗುವಾಗ ಅರ್ಧ ಪರ್ಸೆಂಟು ಬಂದರೆ ಅಧ್ಯಾಯವನ್ನು ಹೇಗೆ ತಿದ್ದಬೇಕು ಎಂದು ಮನಸ್ಸು ಆಗಲೇ ವಾಕ್ಯ ಕಟ್ಟತೊಡಗಿತ್ತು. ತಾಯಿಬೇರು, ಹಳೆಯದು, ಇದರಲ್ಲಿ ಇಲ್ಲದೆ ಇನ್ಯಾವುದರಲ್ಲಿ ಇರಬೇಕು ಎಂದು ಊಟದ ನಡುವೆ ಅಪ್ಪ ಆಡಿದ ಮಾತನ್ನೇ ತಾನೂ ಆಡಿಕೊಳ್ಳುತ್ತಿದ್ದಳು. ತೂಗಿ ತೆಗೆದದ್ದು ಐದು ಗ್ರಾಂ. ಉಳಿದ ಮೂಟೆ ಮೂಲೆಯಲ್ಲಿ ಹಾಗೇ ಇತ್ತು.

ನಾಲ್ಕನೇ ದಿನ ಬೆಳಿಗ್ಗೆ ಹತ್ತೂವರೆಗೆ ಹನಿ ಚುಚ್ಚಿದಳು. ಅಪ್ಪ ಯಂತ್ರದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಬಾ ಎಂದರೆ, ಬೇಡ, ನನ್ನ ಮೈಯಿಂದ ಮತ್ತೇನಾದ್ರೂ ತಾಗೀತು ಎಂದಿದ್ದ. ಗ್ಯಾಸಣ್ಣ ಯಾವ ತಮಾಷೆಯನ್ನೂ ಆಡದೆ ಅವಳ ಹಿಂದೆ ಕೈಕಟ್ಟಿ ನಿಂತಿದ್ದ. ಹದಿನೆಂಟನೇ ನಿಮಿಷಕ್ಕೆ ಮೊದಲನೆಯದು ಬಂತು. ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು, ಎಲ್ಲವೂ ಬರಬೇಕಾದ ಹೊತ್ತಿಗೆ ಬಂದು ಹೋದವು. ಮೂವತ್ತಾಯಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮೂವತ್ತೊಂದು. ಗೆರೆ ಕದಲಲಿಲ್ಲ. ಮೂವತ್ತೆರಡು, ಮೂವತ್ತೈದು. ನಲವತ್ತರವರೆಗೂ ಕಾದಳು.

"ಇನ್ನೊಂದ್ಸಲ ಹಾಕೋಣ ಮೇಡಂ," ಎಂದ ಗ್ಯಾಸಣ್ಣ. ಇನ್ನೊಂದು ಸಲ ಹಾಕಿದರು. ಹನಿಯನ್ನು ದುಪ್ಪಟ್ಟು ಮಾಡಿ ಮೂರನೇ ಸಲವೂ ಹಾಕಿದರು. ಮೂರನೆಯದು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಆರು ವರ್ಷದಲ್ಲಿ ಅಷ್ಟು ಸ್ವಚ್ಛವಾದ ಫಲಿತಾಂಶ ಅವಳಿಗೆ ಒಂದೂ ಬಂದಿರಲಿಲ್ಲ. ಬೇರಿನಲ್ಲಿ ಏನೂ ಇರಲಿಲ್ಲ. ಎಲ್ಲ ಬೇರುಗಳಲ್ಲಿ ಇರುವಷ್ಟೇ ಇತ್ತು. ಅಷ್ಟನ್ನು ತಿಳಿಯುವುದಕ್ಕೆ ಅಪ್ಪನಿಗೆ ಗೊತ್ತಿದ್ದ ಕೊನೆಯ ಹಾಲುಬೇರಿನ ಗಿಡವೂ ಹೋಗಿತ್ತು.

ಗ್ಯಾಸಣ್ಣ ಅವಳ ಕಡೆ ನೋಡಲಾರದೆ ಸಿಲಿಂಡರಿನ ಮುಳ್ಳು ನೋಡುವವನಂತೆ ಅತ್ತ ತಿರುಗಿದ. ಅವಳು ಎದ್ದು ಹೊರಗೆ ಬಂದಳು. ಅಪ್ಪ ಬೆಳಿಗ್ಗೆ ಕೂತಲ್ಲೇ ಕೂತಿದ್ದ, ಬ್ಯಾಂಡೇಜಿನ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು.

"ಇತ್ತಾ?"

"ಇಲ್ಲಪ್ಪ."

"ಸರಿಯಾಗಿ ನೋಡ್ದ್ಯಾ?"

"ಮೂರು ಸಲ ನೋಡ್ದೆ."

ಅಪ್ಪ ತಲೆ ತಗ್ಗಿಸಿದ. ಅವಳು ಪಕ್ಕದಲ್ಲಿ ಕೂತಳು. ಅಳು ಬರಬಹುದು ಎಂದುಕೊಂಡಿದ್ದಳು, ಬರಲಿಲ್ಲ. ಒಳಗೆಲ್ಲ ಖಾಲಿಯಾಗಿತ್ತು, ಅಳುವುದಕ್ಕೂ ಏನಾದರೂ ಇರಬೇಕಲ್ಲ. ಮೇಲಿನ ಮಹಡಿಗೆ ಹೋಗಿ ಗೈಡಿಗೆ ಹೇಳಬೇಕಿತ್ತು, ಕೂತೇ ಇದ್ದಳು. ಅವಳ ಮುಖವನ್ನು ಅಪ್ಪ ಓರೆಗಣ್ಣಲ್ಲಿ ನೋಡಿದ. ಮಗಳು ಹಾಗೆ ಕೂತದ್ದನ್ನು ನೋಡಲು ಅವನಿಂದ ಯಾವತ್ತೂ ಆಗುತ್ತಿರಲಿಲ್ಲ. ಬ್ಯಾಂಡೇಜಿನ ಕೈಯನ್ನು ಅವಳ ಬೆನ್ನ ಮೇಲೆ ಇಟ್ಟ.

"ಹೋಗ್ಲಿ ಬಿಡು ಪುಟ್ಟಿ," ಎಂದ. "ಇನ್ನೊಂದು ತಂದುಕೊಡ್ತೀನಿ."

ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವನಿಗೇ ಕೇಳಿಸಿತು. ಬೆನ್ನ ಮೇಲಿದ್ದ ಕೈ ಅಲ್ಲೇ ನಿಂತಿತು.

"ಆಯ್ತಪ್ಪ," ಎಂದಳು ಅವಳು. "ತಂದುಕೊಡು."